ಹುಣಸೆಹಣ್ಣು ತಾಗದ ಜಾಗ

4 ಅಕ್ಟೋಬರ್ 1979, ಗುರುವಾರ. ಮಧುಗಿರಿ

ಪಾವಗಡದಿಂದ ಕಾಗದ ಬಂತು. ಬರೆದವನು ಮುದ್ದಪ್ಪ. ಕುರಿ ಕಾಯುವವರ ಮನೆಯ ಹುಡುಗ, ಬಸ್ ಕಂಡಕ್ಟರ್, ನನ್ನನ್ನು ಕೇಳದೆ ನನ್ನ ಮಗಳನ್ನು ಕಟ್ಟಿಕೊಂಡವನು. ಹದಿಮೂರು ವರ್ಷದಲ್ಲಿ ಇದು ಮೊದಲ ಕಾಗದ. ಮಗಳು ಕಾಟಮ್ಮನಿಗೆ ಎದೆಯಲ್ಲಿ ಎದ್ದ ಗಂಟು ಹೊಟ್ಟೆಗೂ ಇಳಿದಿದೆಯಂತೆ. ಬೆಂಗಳೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರಂತೆ. ಆಮೇಲೆ ಒಂದು ಸಾಲು: "ಅವಳಿಗೆ ಅವರಪ್ಪನ ದನಿ ಒಂದು ಸಲ ಕೇಳಬೇಕಂತೆ. ಮೇಣದ ಉರುಳೆ ನಿಮ್ಮ ಹತ್ತಿರ ಐತೆ ಅಂತಾಳೆ. ಬೇರೆ ಏನೂ ಕೇಳಲ್ಲ."

ಕಾಗದ ಮಡಿಸಿ ಇಟ್ಟು ಅಡಿಗೆಮನೆಗೆ ಹೋಗಿ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಸೊಸೆ ಮಾರಕ್ಕನಿಗೆ ಬೈದೆ. ರುಚಿ ನೋಡಿರಲಿಲ್ಲ.

ಎಂಟು ವರ್ಷದ ಹಿಂದೆ ಯಜಮಾನರು ತೀರಿಕೊಂಡಾಗ ಕಾಟಮ್ಮನಿಗೆ ತಿಳಿಸಲಿಲ್ಲ. ತಿಳಿಸುವ ಅಗತ್ಯವಿರಲಿಲ್ಲ. ಅದರಲ್ಲಿ ನನ್ನದೇನೂ ತಪ್ಪಿಲ್ಲ ಎಂದು ಆಗಲೇ ತೀರ್ಮಾನಿಸಿದ್ದೆ. ಮುಗಿದ ತೀರ್ಮಾನವನ್ನು ಮತ್ತೆ ತೆಗೆಯುವವಳಲ್ಲ ನಾನು.

ಆದರೆ ದನಿ ಅವರದು. ಅವರ ಮಗಳಿಗೆ ಅವರೇ ಇಲ್ಲ ಎನ್ನುತ್ತಿರಲಿಲ್ಲ. ಆ ಉರುಳೆ ನುಡಿಸುವ ಯಂತ್ರವನ್ನು ಅವರು ಬೆಂಗಳೂರು ದಂಡಿನ ಹರಾಜಿನಲ್ಲಿ ತಂದಿದ್ದರು. ತಟ್ಟೆ ತಿರುಗುವ ಗ್ರಾಮಫೋನಲ್ಲ, ಅದಕ್ಕೂ ಹಳೆಯ ಫೋನೋಗ್ರಾಫ್. ಲೋಟದಂಥ ಮೇಣದ ಉರುಳೆಯ ಮೇಲೆ ಮನೆಯಲ್ಲೇ ದನಿ ಹಿಡಿಯಬಹುದು. ಐದು ವರ್ಷದ ಕಾಟಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆಟ್ಟದ ಮೆಟ್ಟಿಲು ಎಣಿಸುವ ಹಾಡೊಂದನ್ನು ತಾವೇ ಕಟ್ಟಿ ಹಾಡಿದ್ದರು. ಆ ಉರುಳೆ ಒಂದೇ ಉಳಿದಿದೆ. ವರ್ಷಕ್ಕೊಂದು ಸಲ, ಅವರ ತಿಥಿಯ ದಿನ ಹಾಕುತ್ತೇನೆ. ಹಾಕಿದಷ್ಟೂ ಮೇಣ ಸವೆಯುತ್ತದೆ.

ಈ ವರ್ಷ ದನಿ ಗೊರಗೊರ ಎಂದಿತ್ತು. ಉರುಳೆಯ ಮೇಲೆ ಓಡುತ್ತಾ ಸದ್ದನ್ನು ಎತ್ತುವ ಹಿತ್ತಾಳೆಯ ದನಿಬಿಲ್ಲೆ ರಿಪೇರಿಯಾಗಬೇಕು. ಮಾಡಿಸಿ, ಮಗ ಪಾಲಣ್ಣನ ಕೈಲಿ ಕಳಿಸುತ್ತೇನೆ. ನಾನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಪೆಟ್ಟಿಗೆ ತೆಗೆದು ನೋಡಿದೆ. ಮೊನ್ನೆ ಆಯುಧಪೂಜೆಗೆ ಉಜ್ಜಿ ಕುಂಕುಮ ಇಟ್ಟದ್ದು. ದನಿಬಿಲ್ಲೆ ಚಿನ್ನದ ಹಾಗಿದೆ.

7 ಅಕ್ಟೋಬರ್, ಭಾನುವಾರ

ಕೊರಟಗೆರೆಯ ವೆಂಕಟರಾಮಯ್ಯ ಬಂದಿದ್ದ. ಹಳೆಯ ಮನೆಗಳ ಸಾಮಾನು ಕೊಂಡು ಬೆಂಗಳೂರಿನವರಿಗೆ ಮಾರುವವನು. ಇಂಥ ಯಂತ್ರ ಬಲ್ಲವನೆಂದು ಪಾಲಣ್ಣನೇ ಕರೆತಂದ. ಕನ್ನಡಕ ಹಣೆಗೇರಿಸಿ, ದನಿಬಿಲ್ಲೆಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.

"ಜಯಕ್ಕನೋರೆ, ಬ್ಯಾಸರ ಮಾಡ್ಕಬ್ಯಾಡಿ. ಪೆಟ್ಟಿಗೆ ಅಸಲು. ಕಹಳೆ ಅಸಲು. ಇದೊಂದು ಮಾತ್ರ ನಕಲಿ."

"ಏನಂದೆ?"

"ಎಂಬತ್ತು ವರ್ಷದ ಹಿತ್ತಾಳೆ ಇಂಗೆ ಹೊಳೀತದಾ, ನೀವೇ ಹೇಳಿ. ನಂಬರ್ ಎಲ್ಲೈತೆ? ಕೊರೆದ ಅಕ್ಸರ ಎಲ್ಲೈತೆ? ಎಲ್ಲಾ ನುಣ್ಣಗೆ. ಈಗ ಉತ್ತರದ ಕಡೆ ಎರಕ ಹುಯ್ದು ಮೂಟೆಗಟ್ಟಲೆ ಕಳಿಸ್ತಾವ್ರೆ. ಕೊನೇ ಸಲ ಯಾರು ಬಿಚ್ಚಿದ್ದು ಇದನ್ನ?"

"ಸಿರಾದ ಬುಡೇನ್ ಸಾಬ್. ಯಜಮಾನರು ಇದ್ದಾಗ, ಎಪ್ಪತ್ತರಲ್ಲಿ."

ನಾಲಗೆಯಲ್ಲಿ ಲೊಚ್ ಎಂದ. "ಇನ್ನೇನು, ಬುಡಿ. ನಿಮ್ದು ಅವನ ತಾವ ಉಳೀತು, ಇದು ನಿಮ್ಮನೆಗೆ ಬಂತು."

ಚೀಲದಿಂದ ಇನ್ನೊಂದು ತೆಗೆದ. ಇದ್ದಿಲಿನಷ್ಟು ಕಪ್ಪು, ಅಂಚಿನಲ್ಲಿ ಹಸಿರು ಕಿಲುಬು. ಅಕ್ಷರಗಳು, ನಂಬರು ಸ್ಪಷ್ಟವಾಗಿವೆ. "ಇದು ನೋಡಿ, ಅಸಲಿ ಅಂದ್ರೆ ಇದು. ವಯಸ್ಸಾದೋರ ಮುಖ ಇದ್ದಂಗೈತೆ."

ಕಾಫಿ ತಂದ ಮಾರಕ್ಕ, "ಅತ್ತೆ, ಅದು ಹೊಳೆಯೋದು..." ಎಂದು ಬಾಯಿ ತೆರೆದಳು. ಒಳಗೆ ನಡಿ ಎಂದೆ. ಹೊರಗಿನವರ ಎದುರು ಸೊಸೆ ನಡುವೆ ಮಾತಾಡುವುದು ಈ ಮನೆಯ ಪದ್ಧತಿಯಲ್ಲ.

ನನ್ನದನ್ನು ಅವನಿಗೆ ಕೊಟ್ಟು ಅವನದನ್ನು ಇಟ್ಟುಕೊಳ್ಳಬಹುದಂತೆ. ದುಡ್ಡು ಬೇಡವಂತೆ, ಕೋಟೆ ಬೀದಿಯ ದೊಡ್ಡ ಮನೆಯ ಮರ್ಯಾದೆಗೆ. ಇಷ್ಟು ನಡತೆ ಬಲ್ಲ ವ್ಯಾಪಾರಿ ಈಗ ಸಿಗುವುದಿಲ್ಲ. ಬರುವ ಭಾನುವಾರ ಬಾ ಎಂದಿದ್ದೇನೆ. ಅದಕ್ಕೆ ಮೊದಲು ಸಿರಾದಲ್ಲಿ ನನಗೊಂದು ಕೆಲಸವಿದೆ.

10 ಅಕ್ಟೋಬರ್, ಬುಧವಾರ

ಬುಡೇನ್ ಸಾಬನ ಅಂಗಡಿ ಸಿರಾ ಪೇಟೆಯಲ್ಲಿ, ಗಡಿಯಾರ ಮತ್ತು ಹಾರ್ಮೋನಿಯಂ ರಿಪೇರಿ. ಸಂತೆಗೆ ಬಂದ ಜನ ಬೇಕಾದಷ್ಟಿದ್ದರು. ಒಳ್ಳೆಯದೇ ಆಯಿತು ಎಂದುಕೊಂಡು ಮೆಟ್ಟಿಲ ಕೆಳಗೇ ನಿಂತು ಹೇಳಿದೆ. ನಂಬಿ ಕೊಟ್ಟ ವಸ್ತುವನ್ನು ಬದಲಿಸಿದವನು ನೀನು, ಸತ್ತವರ ದನಿ ಕದ್ದವನು ನೀನು ಎಂದೆ. ಹೈಸ್ಕೂಲಿನಲ್ಲಿ ಭಾಷಣದ ಬಹುಮಾನ ತೆಗೆದುಕೊಂಡವಳು. ದನಿ ಪೇಟೆಯ ಆ ತುದಿಗೂ ಕೇಳಿಸಿರಬೇಕು.

ಅವನು ಕಣ್ಣಿಗೆ ಹಾಕಿದ್ದ ಭೂತಗನ್ನಡಿ ತೆಗೆದ. ಮುದುಕನಾಗಿದ್ದಾನೆ. "ಅಮ್ಮಾ, ಖುದಾ ಕಸಂ, ನಿಮ್ಮ ಸಾಹೇಬ್ರ ಮಾಲು ನಾನ್ಯಾಕೆ ಮುಟ್ಲಿ? ತಂದಿದ್ದೀರಾ? ಕೊಡಿ ಜರಾ. ಬಿಚ್ಚಿ ತೋರಿಸ್ತೀನಿ ಅಸಲಿಯೋ ನಕಲಿಯೋ."

"ಮತ್ತೆ ನಿನ್ನ ಕೈಗಾ?" ಎಂದೆ.

ಯಾರೋ ನಕ್ಕರು. ಕೈಗಡಿಯಾರ ಕೊಡಲು ನಿಂತಿದ್ದ ಒಬ್ಬ ಅದನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಬುಡೇನ್ ಸಾಬ್ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಹಾಕಿಕೊಂಡ.

ಮನಸ್ಸು ಹಗುರಾಗಬೇಕಿತ್ತು. ಬಸ್ಸಿನಲ್ಲಿ ತಲೆನೋವು.

12 ಅಕ್ಟೋಬರ್, ಶುಕ್ರವಾರ

ಮುದ್ದಪ್ಪನ ಇನ್ನೊಂದು ಕಾಗದ. ಗಂಜಿ ಮಾತ್ರ ಇಳಿಯುತ್ತದಂತೆ. ಬೇಗ ಕಳಿಸಿ ಎಂದು ಎರಡು ಸಲ ಬರೆದಿದ್ದಾನೆ. ಎರಡನೆಯದು ಮೊದಲನೆಯದಕ್ಕಿಂತ ಸಣ್ಣ ಅಕ್ಷರದಲ್ಲಿ.

14 ಅಕ್ಟೋಬರ್, ಭಾನುವಾರ

ಬರೆಯಲೇಬೇಕು. ಬರೆಯದಿದ್ದರೆ ನಾಳೆ ಹೊತ್ತಿಗೆ ಬೇರೆ ಯಾರದೋ ತಪ್ಪು ಎಂದು ನಂಬಿಬಿಡುತ್ತೇನೆ.

ವೆಂಕಟರಾಮಯ್ಯ ಬೆಳಿಗ್ಗೆ ಬಂದು ಕಪ್ಪು ದನಿಬಿಲ್ಲೆ ಕೊಟ್ಟು ನನ್ನದನ್ನು ಒಯ್ದ. ಅವನು ಹೋದ ಮೇಲೆ ಕೂರಿಸಿ ನೋಡಿದೆ. ಕಳಿಸುವ ಮೊದಲು ಒಂದು ಸಲ ಸರಿಯಿದೆಯೇ ನೋಡಬೇಡವೆ?

ಅವರ ದನಿ ಬಂತು. ಹಿಂದೆಂದೂ ಇಲ್ಲದಷ್ಟು ಜೋರಾಗಿ ಬಂತು. "ಒಂದನೇ ಮೆಟ್ಟಲ ಮ್ಯಾಲೆ ಒಂದು ಓತಿಕ್ಯಾತ..." ಪಕ್ಕದ ಕೋಣೆಯಲ್ಲಿ ಕೂತು ಹಾಡಿದ ಹಾಗೆ. "ಕೇಳಿದೆಯಾ? ಇದು ಅಸಲಿ!" ಎಂದೆ ಮಾರಕ್ಕನಿಗೆ.

ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಉರುಳೆ ನೋಡುತ್ತಿದ್ದಳು. "ಅತ್ತೆ, ಕೆಳಗೆ ಪುಡಿ ಉದುರ್ತಾ ಐತೆ."

"ಎಷ್ಟು ವರ್ಷದ ಧೂಳೋ."

"ಧೂಳಲ್ಲ ಕಣತ್ತೆ. ಮೇಣ! ಸುಲೀತಾ ಐತೆ ಅದು!"

"ಬಾಯಿ ಮುಚ್ಚು, ಕೇಳಲು ಬಿಡು" ಎಂದೆ.

ಅವಳು ಸರಿಯಾಗಿ ನೋಡಿದ್ದಳು. ನಾನು ನೋಡಲಿಲ್ಲ, ಕೇಳುತ್ತಿದ್ದೆ. ಹಾಡು ಮುಗಿಯುತ್ತಾ ಬಂದಾಗ ಕಣ್ಣು ಕೆಳಗೆ ಹೋಯಿತು. ಕಂದು ಬಣ್ಣದ ಎಳೆ, ಬಳಪ ಕೆರೆದ ಹಾಗೆ ಸುರುಳಿ ಸುರುಳಿ, ಮಣೆಯ ಮೇಲೆ ಗುಡ್ಡೆ ಬಿದ್ದಿತ್ತು. ದನಿಬಿಲ್ಲೆಯನ್ನು ಎತ್ತಿಬಿಟ್ಟೆ. ಆಗಲೇ ಉರುಳೆಯ ಮೂರರಲ್ಲಿ ಎರಡು ಪಾಲು ಕನ್ನಡಿಯಂತೆ ನುಣ್ಣಗಾಗಿತ್ತು. ಅಲ್ಲಿ ಬೆರಳಿಟ್ಟೆ. ಒಂದು ಗೆರೆಯೂ ಇಲ್ಲ.

ಮೂವತ್ತಮೂರು ವರ್ಷ ಕಾದಿಟ್ಟಿದ್ದನ್ನು ಎರಡು ನಿಮಿಷದಲ್ಲಿ ಕೆರೆದುಹಾಕಿದೆ.

ಮೇಣದ ಪುಡಿಯನ್ನು ಕಾಗದದಲ್ಲಿ ಕಟ್ಟಿ ಇಟ್ಟಿದ್ದೇನೆ. ಏಕೆ ಎಂದು ಗೊತ್ತಿಲ್ಲ.

15 ಅಕ್ಟೋಬರ್, ಸೋಮವಾರ

ಊಟ ಮಾಡಲಿಲ್ಲ.

16 ಅಕ್ಟೋಬರ್, ಮಂಗಳವಾರ

ಮಾರಕ್ಕ ಗಂಜಿ ತಂದಿಟ್ಟು ಹೋಗಲಿಲ್ಲ, ನಿಂತೇ ಇದ್ದಳು. ಏನು ಎಂದೆ.

"ಬೈದ್ರೂ ಬೈಯಿರಿ, ಹೇಳ್ಬುಡ್ತೀನಿ. ಆ ಬಿಲ್ಲೆ ಹೊಳೀತಿದ್ದದ್ದು ನಕಲಿ ಅಂತಲ್ಲ. ಈ ಮನೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ವರ್ಷಾ ವರ್ಷಾ ಆಯುಧಪೂಜೆಗೆ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಉಜ್ಜೋಳು ನಾನು. 'ಇನ್ನೂ ಉಜ್ಜು, ಮುಖ ಕಾಣಬೇಕು' ಅಂತ ಪಕ್ಕದಲ್ಲಿ ನಿಂತ್ಕಳ್ಳೋರು ನೀವು. ನಂಬರು, ಅಕ್ಸರ ಎಲ್ಲಾ ನನ್ನ ಕೈಲೇ ಸವೆದೋಯ್ತು. ಹೊಳೀದೆ ಇನ್ನೇನು ಮಾಡ್ತದೆ?"

ತಾನು ಬರುವ ಮೊದಲು ಉಜ್ಜುತ್ತಿದ್ದವರು ಯಾರು ಎಂದು ಅವಳು ಕೇಳಲಿಲ್ಲ. ನಾನೇ. ಹತ್ತೊಂಬತ್ತು ವರ್ಷ.

ಹಿತ್ತಾಳೆ ಕಪ್ಪಾಗಲು ಈ ಮನೆಯಲ್ಲಿ ಯಾವತ್ತೂ ಬಿಟ್ಟಿಲ್ಲ. ಕಪ್ಪಾದ ಪಾತ್ರೆ ಇರುವ ಮನೆಗೆ ನಾನು ಹೆಣ್ಣು ಕೊಡುವುದಿಲ್ಲ ಎನ್ನುತ್ತಿದ್ದೆ. ಅಂಥವಳು ಕಪ್ಪನ್ನು ನೋಡಿ ಅಸಲು ಎಂದು ನಂಬಿದೆ.

"ಆವತ್ತೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಾಕೆ ಬಂದೆ, ಒಳಗೆ ನಡಿ ಅಂದ್ರಿ."

ಗಂಜಿ ಕುಡಿದೆ. ಉಪ್ಪು ಸರಿಯಾಗಿತ್ತು.

17 ಅಕ್ಟೋಬರ್, ಬುಧವಾರ

ಸಿರಾಕ್ಕೆ ಹೋದೆ. ಇವತ್ತೂ ಸಂತೆ. ಬೇಕೆಂದೇ ಬುಧವಾರ ಆರಿಸಿದೆ. ಹೋದ ವಾರ ನಿಂತಲ್ಲೇ ನಿಂತು, ಅದೇ ದನಿಯಲ್ಲಿ ಹೇಳಬೇಕಾದ್ದನ್ನು ಹೇಳಿದೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಹೋದ ವಾರಕ್ಕಿಂತ ಹೆಚ್ಚು ಜನ ಸೇರಿದ್ದರು.

ಅಂಗಡಿಯ ಗೋಡೆಯಲ್ಲಿ ಗಡಿಯಾರ ನೇತುಹಾಕುವ ಮೊಳೆಗಳು ಅರ್ಧಕ್ಕರ್ಧ ಖಾಲಿ. ಬುಡೇನ್ ಸಾಬ್ ಕೈಯಲ್ಲಿದ್ದ ಸ್ಕ್ರೂ ಕೂರಿಸುವವರೆಗೂ ತಲೆ ಎತ್ತಲಿಲ್ಲ. ಎತ್ತಿದವನು ಕೇಳಿದ್ದು ಇಷ್ಟೇ: "ಉರುಳೆ ಎಷ್ಟು ಉಳಿದೈತೆ ಅಮ್ಮಾ?"

"ಮೂರರಲ್ಲಿ ಒಂದು ಪಾಲು."

ಕಪ್ಪು ದನಿಬಿಲ್ಲೆ ಕೊಟ್ಟೆ. ತಿರುಗಿಸಿ ತುದಿ ನೋಡಿದ. "ಉಗುರು ಕೊಡಿ" ಎಂದ. ನನ್ನ ಹೆಬ್ಬೆರಳ ಉಗುರಿನ ಮೇಲೆ ಅದರ ತುದಿಯನ್ನು ಮೆಲ್ಲಗೆ ಎಳೆದ. ಬಿಳಿಯ ಗೀರು ಬಿತ್ತು.

"ನೋಡಿ, ಕಚ್ತು. ಇದು ಉಕ್ಕಿನ ಮುಳ್ಳು, ತಟ್ಟೆ ಗ್ರಾಮಫೋನಿಂದು. ಮೇಣಕ್ಕೆ ಚಾಕು ಹಾಕಿದಂಗೆ. ನಿಮ್ದಕ್ಕೆ ನೀಲದ ಕಲ್ಲು ಐತೆ, ಸಾಸಿವೆಗಿಂತ ಚಿಕ್ಕದು, ಗುಂಡು. ಉಗುರ ಮೇಲೆ ಎಳೆದ್ರೆ ಜಾರಬೇಕು. ಬಣ್ಣ ನೋಡಿ ಅಸಲಿ ಹೇಳೋನು ಬೇವಕೂಫ್, ಅಮ್ಮಾ." ಬಿಲ್ಲೆ ಕೆಳಗಿಟ್ಟು, "ಮಾಫ್ ಮಾಡಿ" ಎಂದ.

"ಬೇವಕೂಫ್ ಅಂದರೇನು?"

"ಗೊತ್ತಿಲ್ದೇ ಇರೋದೇ ಒಳ್ಳೇದು ಬುಡಿ."

ಗೊತ್ತಿತ್ತು. ಸುಮ್ಮನೆ ಕೇಳಿದೆ.

ನನ್ನ ದನಿಬಿಲ್ಲೆ ವಾಪಸು ಕೇಳಲು ಶುಕ್ರವಾರ ಕೊರಟಗೆರೆಗೆ ಹೋಗುತ್ತೇನೆ. ತಾನೂ ಬರುತ್ತಾನಂತೆ. ನಾನು ಕೇಳಿರಲಿಲ್ಲ.

19 ಅಕ್ಟೋಬರ್, ಶುಕ್ರವಾರ

ವೆಂಕಟರಾಮಯ್ಯನ ಮನೆ ಮುಂದೆ ಬೆಂಗಳೂರಿನ ಕಾರು ನಿಂತಿತ್ತು. ಜಗುಲಿಯ ಮೇಲೆ ಸೂಟು ತೊಟ್ಟ ಗಿರಾಕಿ ಕಾಫಿ ಕುಡಿಯುತ್ತಿದ್ದ. ನಮ್ಮನ್ನು ನೋಡಿದ್ದೇ ವೆಂಕಟರಾಮಯ್ಯ ಹಿತ್ತಿಲ ಕಡೆಗೆ ತಳ್ಳಿಕೊಂಡು ಹೋದ.

"ನನ್ನ ದನಿಬಿಲ್ಲೆ ವಾಪಸು ಕೊಡು" ಎಂದೆ.

"ಅದೇ ನಕಲಿ ಅಂತ ನೀವೇ ಒಪ್ಪಿ ಕೊಟ್ರಲ್ಲಮ್ಮ. ಬದ್ಲು ಆದ್ಮೇಲೆ ಆಯ್ತು."

"ಸರಿ. ಹಾಗಾದರೆ ಆ ಸೂಟಿನವರ ಪಕ್ಕದಲ್ಲಿ ಕೂತು ನಾನೂ ಒಂದು ಲೋಟ ಕಾಫಿ ಕುಡಿದು ಹೋಗುತ್ತೇನೆ. ನನಗೆ ಇಂಗ್ಲಿಷ್ ಬರುತ್ತದೆ."

ಅವನ ಮುಖ ಬಾಡಿತು. ಹಿತ್ತಿಲ ಮೂಲೆಯಲ್ಲಿ ಹುಣಸೆರಸ, ಉಪ್ಪು ಕಲಸಿದ ಮಡಕೆ, ಪಕ್ಕದಲ್ಲಿ ತಿಪ್ಪೆ. ಕೋಲಿನಿಂದ ಕೆದಕಿ ಒಂದು ಗೋಣಿ ಎಳೆದು ಸುರಿದ. ಏಳು ದನಿಬಿಲ್ಲೆ. ಏಳೂ ಇದ್ದಿಲಿನಂತೆ ಕಪ್ಪು, ಏಳರ ಮೇಲೂ ಕೊರೆದ ನಂಬರು, ಸಗಣಿ ವಾಸನೆ.

"ವೆಂಕಟರಾಮಯ್ಯನೋರೆ, ಬರೋಬರ್! ನಿಮ್ ತಿಪ್ಪೇಲಿ ಎಂಬತ್ತು ವರ್ಷ ಅನ್ನೋದು ಎಂಟು ದಿನಕ್ಕೇ ಆಗೋಗ್ತದೆ" ಎಂದ ಬುಡೇನ್ ಸಾಬ್.

"ನಿಮ್ದಕ್ಕೂ ನಂಬರ್ ಕೊರೆದು ಇದ್ರಾಗೆ ಹಾಕ್ಬುಟ್ಟೆ. ಯಾವುದು ಅಂತ ನನಗೂ ಗೊತ್ತಿಲ್ಲ" ಎಂದ ಅವನು. ಮೊದಲ ಸಲ ನಿಜ ಹೇಳಿದನೆಂದು ಕಾಣುತ್ತದೆ. "ಒಂದು ಎತ್ಕಳಿ. ತಪ್ಪೋ ಸರೀನೋ, ತಗಂಡು ಹೊಂಟೋಗ್ಬೇಕು. ಇನ್ನೊಂದ್ ಸಲ ಬರಂಗಿಲ್ಲ."

ತಪ್ಪು ಎತ್ತಿದರೆ ಉಳಿದ ಪಾಲೂ ಹೋಗುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕುಳಿತೆ. ಬುಡೇನ್ ಸಾಬ್ ಕೈ ಚಾಚಿದ. ಬೇಡ, ನನ್ನ ಉಗುರಿಗೇ ಗೊತ್ತಾಗಲಿ ಎಂದೆ. ಒಂದೊಂದಾಗಿ ಎಳೆದೆ. ಕಚ್ಚಿತು, ಕಚ್ಚಿತು, ಕಚ್ಚಿತು. ನಾಲ್ಕನೆಯದು ಜಾರಿತು. ಐದು, ಆರು ಕಚ್ಚಿದವು. ಏಳನೆಯದೂ ಜಾರಿತು.

ಎರಡು. ಎರಡನ್ನೂ ಪಕ್ಕಕ್ಕೆ ಇಟ್ಟೆ.

ಬುಡೇನ್ ಸಾಬ್ ಜೇಬಿನಿಂದ ತಿರುಗುಳಿ ತೆಗೆದು ಎರಡನ್ನೂ ಬಿಚ್ಚಿದ. "ಮೇಲೆ ನೋಡ್ಬೇಡಿ. ಉಜ್ಜಿ ತೊಳೆದ್ರೆ ಹೊಳಪು, ಹಚ್ಚಿ ತಿಪ್ಪೇಲಿ ಹೂತ್ರೆ ಕಪ್ಪು. ಮೇಲೆ ಹುಣಸೆಹಣ್ಣು ಏನು ಹೇಳಿದ್ರೆ ಅದೇ ಬಣ್ಣ. ಹುಣಸೆಹಣ್ಣು ಹೋಗದ ಜಾಗ ನೋಡಿ."

ನಾಲ್ಕನೆಯದರ ಒಳಗೆ ಹೊಸ ಹಿತ್ತಾಳೆ, ಹಳದಿ, ಅರದ ಗೀರು ಹಸಿಯಾಗಿತ್ತು. ಯಾವುದೋ ಹಳೆಯ ಮನೆಯ ಕಲ್ಲನ್ನು ಕಿತ್ತು ನಕಲಿಗೆ ಕೂರಿಸಿದ್ದರು. ಏಳನೆಯದರ ಒಳಗೆ ಕಂದಿದ ಹಳೆಯ ಹಿತ್ತಾಳೆ. ಅದರ ಸಂದಿಯಲ್ಲಿ ಸುತ್ತಲೂ ಗಟ್ಟಿಯಾಗಿ ಕೂತಿತ್ತು, ಕುಂಕುಮ. ಮೂವತ್ತಮೂರು ಆಯುಧಪೂಜೆಯ ಕುಂಕುಮ. ಕೆಳಗಿನದು ಕಪ್ಪಿಟ್ಟು, ಮೇಲಿನದು ಇನ್ನೂ ಕೆಂಪಾಗಿ.

ಮಡಿಲಲ್ಲಿ ಕಟ್ಟಿಕೊಂಡೆ. ಗೊರಗೊರ ಎನ್ನಿಸುತ್ತಿದ್ದ, ಬಿಲ್ಲೆಯೊಳಗಿನ ಬಿರುಕು ಬಿಟ್ಟ ತೆಳು ಪದರ ಬದಲಿಸಿ ಕೊಡುತ್ತೇನೆಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೇ ಕೂತು ಬುಡೇನ್ ಸಾಬ್ ರಿಪೇರಿ ಮಾಡಿದ. ಒಳಗಿನ ಕುಂಕುಮ ಒರೆಸಲೇ ಎಂದು ಕೇಳಿದ. ಬೇಡ ಎಂದೆ.

22 ಅಕ್ಟೋಬರ್, ಸೋಮವಾರ. ಪಾವಗಡ

ದನಿಬಿಲ್ಲೆ ಕೂರಿಸಲು ಪಾಲಣ್ಣನಿಗೆ ಬರುವುದಿಲ್ಲ. ಅದಕ್ಕೇ ನಾನೇ ಬರಬೇಕಾಯಿತು. ಬೇರೆ ಕಾರಣವಿಲ್ಲ. ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಮುದ್ದಪ್ಪ ಬಸ್ಸಿನ ಹತ್ತಿರವೇ ಕಾಯುತ್ತಿದ್ದ. ಕೂದಲು ನೆರೆತಿದೆ. "ಅತ್ತಮ್ಮಾ, ಇಟ್ಲಾ ಕೊಡಿ, ಬರುವು ಐತೆ" ಎಂದು ತೆಲುಗು ಬೆರೆಸಿ ಹೇಳುತ್ತಾ ಭಾರದ ಪೆಟ್ಟಿಗೆಗೆ ಕೈ ಹಾಕಿದ. ಕೊಟ್ಟೆ.

ಕಾಟಮ್ಮನನ್ನು ಹೊರಗಿನ ಕೋಣೆಯಲ್ಲಿ ಮಲಗಿಸಿದ್ದಾರೆ. ಗುರುತು ಸಿಗಲಿಲ್ಲ ಎಂದು ಬರೆಯಲಾರೆ. ಹೆತ್ತವಳಿಗೆ ಸಿಗುತ್ತದೆ. ಕೈ ಮಾತ್ರ ಕಾಟಮ್ಮನದಲ್ಲ, ಯಾವುದೋ ಮುದುಕಿಯದು.

"ದಣಿದಿದೀಯ ಅವ್ವ. ನೀರು ಕುಡಿ" ಎಂದಳು.

ಕುಡಿಯಲಿಲ್ಲ. ಮೊದಲು ಹೇಳಿದೆ. ಹಾಡು ಉಳಿದಿಲ್ಲ, ನಾನೇ ಕೆರೆದುಹಾಕಿದೆ ಎಂದೆ. ಕೊನೆಯ ಪಾಲು ಒಂದಿದೆ, ಅದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ ಎಂದೆ. ನಿಜ. ಪ್ರತಿವರ್ಷ ಹಾಡು ಮುಗಿದ ಕೂಡಲೇ ಎತ್ತಿಬಿಡುತ್ತಿದ್ದೆ, ಮೇಣ ಸವೆಯಬಾರದೆಂದು. ಅದರ ಮುಂದಿನದನ್ನು ಯಾವತ್ತೂ ಕೇಳಿಲ್ಲ. ಆಮೇಲೆ ಇನ್ನೊಂದು ಮಾತೂ ಹೇಳಿದೆ. ನಿಮ್ಮಪ್ಪ ಹೋದಾಗ ತಿಳಿಸಬೇಕಿತ್ತು, ತಿಳಿಸಲಿಲ್ಲ ಎಂದೆ.

ಕಾಟಮ್ಮ ಪೆಟ್ಟಿಗೆಯ ಕಡೆ ಕಣ್ಣು ಹೊರಳಿಸಿದಳು. "ಎಷ್ಟು ಉಳಿದೈತೋ ಅಷ್ಟು ಹಾಕವ್ವ" ಎಂದಳು.

ಕೀಲಿ ಕೊಟ್ಟೆ. ಗರಗರ. ಆಮೇಲೆ ದಬದಬ ಎಂದು ಏನೋ ಬಡಿಯುವ ಸದ್ದು. ದೂರದಿಂದ ಹೆಂಗಸಿನ ದನಿ, ಕೋಪದ್ದು: "ಎಷ್ಟೊತ್ತು ರೀ? ಮಗು ಊಟ ಮಾಡಿಲ್ಲ. ಬಾಗಿಲು ತೆಗೀರಿ ಅಂದೆ!" ಯಾರು ಇದು ಎಂದುಕೊಂಡೆ. ನಾನು. ಒಂದು ಮಗು ಕಿಲಕಿಲ ನಕ್ಕಿತು. ಆಮೇಲೆ ಅವರು, ತೀರಾ ಹತ್ತಿರದಲ್ಲಿ, ಗುಟ್ಟು ಹೇಳುವ ಹಾಗೆ: "ನಿಮ್ಮವ್ವ ಬಂದ್ಲು ಕಣ್ಮಗ. ಹೋಗು, ಬಾಗಿಲು ತೆಗಿ."

ಅಷ್ಟೇ. ಮುಗಿಯಿತು.

ಮುದ್ದಪ್ಪ ಹೊರಗೆ ಎದ್ದುಹೋದ. ಕಾಟಮ್ಮನ ಹೊಟ್ಟೆ ಅಲುಗುತ್ತಿತ್ತು. ನೋವೆಂದುಕೊಂಡೆ. ನಗುತ್ತಿದ್ದಳು. "ಅವ್ವ, ಅವತ್ತೂ ನಿಂದು ಇದೇ ದನಿ."

"ಹೌದು" ಎಂದೆ.

"ಇನ್ನೊಂದ್ ಸಲ ಹಾಕು."

ನಾಲ್ಕು ಸಲ ಹಾಕಿದೆ.

3 ನವೆಂಬರ್, ಶನಿವಾರ. ಪಾವಗಡ

ಪಾಲಣ್ಣ ಕರೆದೊಯ್ಯಲು ಬಂದಿದ್ದ. ಇನ್ನೆರಡು ಸೀರೆ ಕಳಿಸು ಎಂದು ಹೇಳಿ ಕಳಿಸಿದೆ. ಈ ಮನೆಯ ತಂಬಿಗೆ ಕಪ್ಪಾಗಿದೆ. ಉಜ್ಜಲು ಪುರುಸೊತ್ತಾಗಿಲ್ಲ.

ಕಾಟಮ್ಮ ಈಗ ಮಾತಾಡುವುದಿಲ್ಲ. ಬೇಕೆನಿಸಿದಾಗ ಪೆಟ್ಟಿಗೆಯ ಕಡೆ ಕಣ್ಣು ಹೊರಳಿಸುತ್ತಾಳೆ, ನಾನು ಹಾಕುತ್ತೇನೆ. ದಿನಕ್ಕೆ ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ. ಮೊದಲು ಮಗುವಿನ ನಗು ಹೋಯಿತು. ಮೊನ್ನೆ ನನ್ನ ದನಿ ಹೋಯಿತು. ಅವರದು ತೆಳ್ಳಗೆ ಉಳಿದಿತ್ತು.

ಇವತ್ತು ಬೆಳಿಗ್ಗೆ ಹಾಕಿದಾಗ ಬರೀ ಗರಗರ. ಕಿವಿ ಕಹಳೆಯೊಳಗೇ ಇಟ್ಟೆ. ಏನೂ ಇಲ್ಲ.

"ಕೇಳಿಸ್ತಾ ಮಗ?" ಎಂದೆ.

ಕೇಳಿಸಿತು ಎಂದು ತಲೆಯಾಡಿಸಿದಳು. ಕಣ್ಣು ಮತ್ತೆ ಪೆಟ್ಟಿಗೆಯ ಕಡೆ ಹೊರಳಿತು.

ಕೀಲಿ ಕೊಟ್ಟೆ.